ಯೆಜ್ಡಿ 250: ಶೆಡ್ಡಿನಿಂದ ರಸ್ತೆಗಿಳಿದ ಮೇಲೆ ಕೆಲವು ವರ್ಷಗಳ ಬಳಕೆ

ಹಳೇ ಯೆಜ್ಡಿ ಬೈಕ್ ನೋಡಲು ಹೋದವರು ಮೊದಲು ಕೇಳುವುದು "ಸ್ಟಾರ್ಟ್ ಆಗುತ್ತಾ?" ಅಂತ. ನಾನಾದರೆ "ಕ್ರ್ಯಾಂಕ್ ಸೀಲ್ (ಇಂಜಿನ್ನಿನ ಕೆಳಭಾಗ ಗಾಳಿಯಾಡದಂತೆ ಮುಚ್ಚಿಡುವ ರಬ್ಬರ್ ಬಳೆ) ಯಾವಾಗ ಹಾಕಿಸಿದ್ದು?" ಅಂತ ಕೇಳುತ್ತೇನೆ. ಕಾರ್ಬೊರೇಟರ್ ತೊಳೆದು, ಹೊಸ ಪ್ಲಗ್ ಹಾಕಿ ನಾಲ್ಕು ಕಿಕ್ ಹೊಡೆದರೆ ತೀರಾ ಕೆಟ್ಟ ಇಂಜಿನ್ ಕೂಡ ಒಂದೆರಡು ನಿಮಿಷ ಹೊಗೆ ಬಿಟ್ಟುಕೊಂಡು ಓಡುತ್ತದೆ. ಮಾರುವವರು ತೋರಿಸುವುದೂ ಅಷ್ಟನ್ನೇ. ಮೈಸೂರಿನಿಂದ ನಂಜನಗೂಡಿಗೆ ಹೋಗಿ, ಊಟ ಮಾಡಿ, ಅದೇ ಗಾಡಿಯಲ್ಲಿ ನೆಮ್ಮದಿಯಾಗಿ ವಾಪಸ್ ಬರಬೇಕು ಅಂದರೆ ಮಾತೇ ಬೇರೆ.

ನನ್ನದು ಎಪ್ಪತ್ತರ ದಶಕದ ಮೊದಲರ್ಧದ ಗಾಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕ್ ದೇಶದ ಜಾವಾ ಗಾಡಿಗಳನ್ನು ಲೈಸೆನ್ಸ್ ಪಡೆದು ತಯಾರಿಸಲು ಶುರು ಮಾಡಿತು. 1973ರ ಹೊತ್ತಿಗೆ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈ ಗಾಡಿ ನಮ್ಮ ಚಿಕ್ಕಪ್ಪನದು. ತಿಪಟೂರಿನ ಹತ್ತಿರ ತೋಟದ ಮನೆಯ ಶೆಡ್ಡಿನಲ್ಲಿ, ಕೊಬ್ಬರಿ ಚೀಲಗಳ ಹಿಂದೆ ಬಹಳ ವರ್ಷ ನಿಂತಿತ್ತು. ಟೈರ್ ಸೀಳಿತ್ತು, ಸೀಟನ್ನು ಇಲಿ ತಿಂದಿತ್ತು, ಇಂಜಿನ್ ಜಾಮ್ ಆಗಿತ್ತು. ಆದರೆ ಒಂದು ಬೋಲ್ಟೂ ಕಳೆದಿರಲಿಲ್ಲ. ಹಳೇ ಗಾಡಿಗೆ ಇದೇ ದೊಡ್ಡ ಆಸ್ತಿ. ಹೊಳೆಯುವ ಅರ್ಧಂಬರ್ಧ ಗಾಡಿಗಿಂತ ತುಕ್ಕು ಹಿಡಿದ ಪೂರ್ತಿ ಗಾಡಿ ಎಷ್ಟೋ ಮೇಲು.

ಜಾಮ್ ಆದ ಇಂಜಿನ್ನಿಗೆ ಕಿಕ್ ಹೊಡೆಯಬೇಡಿ. ಪಿಸ್ಟನ್ ರಿಂಗ್ ಸಿಲಿಂಡರಿನ ತುಕ್ಕಿಗೆ ಅಂಟಿಕೊಂಡಿರುತ್ತದೆ. ಬಲ ಹಾಕಿದರೆ ರಿಂಗ್ ಮುರಿದು ಪೋರ್ಟಿಗೆ (ಸಿಲಿಂಡರ್ ಗೋಡೆಯ ಕಿಂಡಿಗೆ) ಸಿಕ್ಕಿಹಾಕಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಟೂ-ಟಿ ಆಯಿಲ್ (ಪೆಟ್ರೋಲಿಗೆ ಹಾಕುವ ಟೂ ಸ್ಟ್ರೋಕ್ ಆಯಿಲ್) ಬೆರೆಸಿ ಸುರಿದು ಕೆಲವು ದಿನ ಸುಮ್ನೆ ಬಿಟ್ಟೆವು. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದಲೇ ಹಿಂದೆ ಮುಂದೆ ಅಲ್ಲಾಡಿಸುತ್ತಾ ಹೋದೆವು. ಮೊದಲು ಕೂದಲೆಳೆಯಷ್ಟು ಸರಿಯಿತು, ಮಾರನೇ ದಿನ ಇನ್ನಷ್ಟು, ಆಮೇಲೆ ಪೂರ್ತಿ ತಿರುಗಿತು.

ಟ್ಯಾಂಕಿನ ಒಳಗೆ ತುಕ್ಕಿನ ಪದರವಿತ್ತು. ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿ, ಹುಣಸೆಹಣ್ಣಿನ ಗಟ್ಟಿ ರಸ ತುಂಬಿ ಇಟ್ಟು, ಕೊನೆಗೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದೆವು. ಬಿಸಿಲಲ್ಲಿ ಒಣಗಿದ ತಕ್ಷಣ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಒಳಗೆಲ್ಲಾ ತಾಗುವಂತೆ ತಿರುಗಿಸಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಹೊಸ ತುಕ್ಕು ಬರುತ್ತದೆ. ಆಸಿಡ್ ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಹಳೇ ಟ್ಯಾಂಕಿನ ತಗಡು ಎಲ್ಲಿ ತೆಳ್ಳಗಾಗಿದೆ ಅಂತ ಯಾರಿಗೆ ಗೊತ್ತು?

ಇನ್ನು ಸೀಲ್ ವಿಷಯ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್ ಕೇಸಿಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅಲ್ಲಿಂದ ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್ ಕೇಸೇ ಇಲ್ಲಿ ಪಂಪು. ಆ ಪಂಪನ್ನು ಬಿಗಿಯಾಗಿ ಮುಚ್ಚಿಡುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲ್. ಬಲಗಡೆ, ಡೈನಮೋ ಹಿಂದಿನ ಸೀಲ್ ಒಣಗಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಅದರ ಜೊತೆ ಬರುವ ಆಯಿಲ್ಲೂ ಸಾಲದೆ, ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಡಗಡೆ, ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಬಾಕ್ಸಿನ ಆಯಿಲನ್ನೇ ಇಂಜಿನ್ ಎಳೆದುಕೊಂಡು ಸುಡುತ್ತದೆ. ಬೀದಿ ತುಂಬಾ ಹೊಗೆ. "ಆಯಿಲ್ ಜಾಸ್ತಿ ಹಾಕಿದ್ದೀರಿ" ಅಂತ ಜನ ಹೇಳುತ್ತಾರೆ. ಅದನ್ನು ನಂಬಿ ಪೆಟ್ರೋಲಿಗೆ ಹಾಕುವ ಆಯಿಲ್ ಕಡಿಮೆ ಮಾಡಿದವರ ಇಂಜಿನ್ ಸೀಜ್ ಆದದ್ದನ್ನು ನೋಡಿದ್ದೇನೆ.

ನನ್ನ ಗಾಡಿ ನೋಡಿದ್ದು ಅದೇ ಕಾರ್ಖಾನೆಯಲ್ಲಿ ದುಡಿದಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು. ಅವರು ಮೊದಲು ಮಾಡಿದ್ದು ಸೋರಿಕೆ ಪರೀಕ್ಷೆ, ಅದೂ ಡಾಕ್ಟರ ಬಿ.ಪಿ. ಮೀಟರಿನಿಂದ. ಎರಡೂ ಸೈಲೆನ್ಸರ್ ಪೈಪಿನ ಬಾಯಿಗೆ, ಕಾರ್ಬೊರೇಟರ್ ಕೂರುವ ಬಾಯಿಗೆ ರಬ್ಬರ್ ಬಿರಡೆ ಬಡಿದರು. ಪೋರ್ಟುಗಳು ತೆರೆದುಕೊಳ್ಳುವಂತೆ ಪಿಸ್ಟನ್ನನ್ನು ಕೆಳಗೆ ಇಳಿಸಿದರು. ಪ್ಲಗ್ ತೂತಿಗೆ ಮೀಟರಿನ ಕೊಳವೆ ಸೇರಿಸಿ, ಮುಳ್ಳು 250 ಮುಟ್ಟುವ ತನಕ ರಬ್ಬರ್ ಬುರುಡೆ ಒತ್ತಿದರು. ಕೈ ಬಿಟ್ಟ ಕೂಡಲೇ ಮುಳ್ಳು ಇಳಿಯತೊಡಗಿತು. ಡೈನಮೋ ಬದಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದವು. ಆಮೇಲೆ ಗೇರ್ ಬಾಕ್ಸಿಗೆ ಆಯಿಲ್ ಹಾಕುವ ಬಿರಡೆ ಬಿಚ್ಚಿ, "ಇಲ್ಲಿ ಕಿವಿ ಕೊಡಿ ಸಾರ್" ಅಂದರು. ಒಳಗಿಂದ ಸಣ್ಣಗೆ ಸುಯ್ ಅಂತ ಸದ್ದು.

"ಎರಡೂ ಕಡೆ ಹೋಗಿದೆ. ಬಣ್ಣ ಗಿಣ್ಣ ಎಲ್ಲಾ ಆಮೇಲೆ. ಮೊದಲು ಇದು."

ಬೇರಿಂಗ್ ಕೂಡ ಗರಗರ ಅನ್ನುತ್ತಿದ್ದರಿಂದ ಇಂಜಿನ್ ಪೂರ್ತಿ ಬಿಚ್ಚಿಸಿದೆ. ಡೈನಮೋ ಬದಿಯ ಸೀಲನ್ನು ಸ್ಕ್ರೂ ಡ್ರೈವರಿನಿಂದ ಮೀಟಿದಾಗ ಅದು ಚಕ್ಕುಲಿ ಥರ ಚೂರು ಚೂರಾಗಿ ಬಂತು. ಹೊಸ ಸೀಲ್ ಎರಡಕ್ಕೂ ಸೇರಿ ಕೊಟ್ಟ ದುಡ್ಡು ಒಂದು ಹೊತ್ತಿನ ಹೋಟೆಲ್ ಊಟಕ್ಕೂ ಸಾಲದು. ದೊಡ್ಡ ಖರ್ಚು ಬೇರಿಂಗ್, ಕನೆಕ್ಟಿಂಗ್ ರಾಡ್ ಕಿಟ್, ಬೋರಿಂಗ್ ಮತ್ತು ಪಿಸ್ಟನ್ನಿಗೆ. ಇಂಜಿನ್ ಕೆಲಸವೆಲ್ಲಾ ಸೇರಿ ಸುಮಾರು 20,000 ರೂಪಾಯಿ ಆಯಿತು.

ಪಿಸ್ಟನ್ ಬಗ್ಗೆ ಒಂದು ಮಾತು. ಈ ಇಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75. ಸವೆದ ಸಿಲಿಂಡರನ್ನು ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಹೀಗೆ ದೊಡ್ಡದು ಮಾಡಿ ಅದಕ್ಕೆ ತಕ್ಕ ಪಿಸ್ಟನ್ ಹಾಕುತ್ತಾರೆ. ಬೆಂಗಳೂರಿನ ಒಂದು ಅಂಗಡಿಯವರು "ಒರಿಜಿನಲ್, ಹಳೇ ಸ್ಟಾಕ್" ಅಂತ ಕೊಟ್ಟ ಪಿಸ್ಟನ್ ಬಿಸಿಯಾದಾಗ ಲೆಕ್ಕಕ್ಕಿಂತ ಜಾಸ್ತಿ ಹಿಗ್ಗಿ, ರನ್ನಿಂಗ್ ಇನ್ (ಹೊಸ ಪಿಸ್ಟನ್ ಪಳಗುವ) ಹೊತ್ತಿನಲ್ಲೇ ಗೀಚಿಕೊಂಡಿತು. ಬಿಲ್ ಇರಲಿಲ್ಲ, ವಾಪಸ್ ತೆಗೆದುಕೊಳ್ಳಲಿಲ್ಲ. ಎರಡನೇ ಪಿಸ್ಟನ್ ಮೆಕ್ಯಾನಿಕ್ಕರೇ ಹುಡುಕಿ ತಂದರು, ಅದು ಇವತ್ತಿಗೂ ಚೆನ್ನಾಗಿದೆ. ಪಿಸ್ಟನ್ ಕೈಗೆ ಬಂದು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದ ಮೇಲೆಯೇ ಸಿಲಿಂಡರನ್ನು ಬೋರಿಂಗಿಗೆ ಕೊಡಿ. ಡಬ್ಬಿಯ ಮೇಲೆ ಬರೆದಿರುವ ಅಳತೆ ನೆಚ್ಚಬೇಡಿ.

ಕರೆಂಟು ಈ ಗಾಡಿಯ ಮೆತ್ತಗಿನ ಜಾಗ. 6 ವೋಲ್ಟ್ ಡೈನಮೋ, ಬ್ಯಾಟರಿ, ಕಾಯಿಲ್, ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚು). ಬ್ಯಾಟರಿ ಸತ್ತರೆ ಕಿಡಿಯೂ ಸಾಯುತ್ತದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟು, ಪಿಸ್ಟನ್ ಮೇಲಿನ ತುದಿ ಮುಟ್ಟಲು 3ರಿಂದ 3.5 ಮಿ.ಮೀ. ಇರುವಾಗ ಪಾಯಿಂಟ್ ಬಿಡುವಂತೆ ಟೈಮಿಂಗ್ ಕೂರಿಸಬೇಕು. ಪಾಯಿಂಟ್ ನಡುವೆ ತೆಳು ಕಾಗದದ ಚೂರು ಹಿಡಿದು ಮೆಲ್ಲಗೆ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸಿದರೆ, ಕಾಗದ ಬಿಟ್ಟುಕೊಳ್ಳುವ ಕ್ಷಣವೇ ಪಾಯಿಂಟ್ ಬಿಡುವ ಕ್ಷಣ. ಇದನ್ನು ಕಲಿತ ಮೇಲೆ ಟೈಮಿಂಗಿಗೆ ಯಾರ ಹತ್ತಿರವೂ ಹೋಗಿಲ್ಲ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಕೈ ಕೊಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆದರೆ ಮೊದಲು ಪಾಯಿಂಟ್ ಜೊತೆಗಿರುವ ಕಂಡೆನ್ಸರ್ ಬದಲಾಯಿಸಿ. ನನ್ನ ಟೂಲ್ ಬಾಕ್ಸಿನಲ್ಲಿ ಒಂದು ಕಂಡೆನ್ಸರ್, ಒಂದು ಪ್ಲಗ್ ಯಾವಾಗಲೂ ಇರುತ್ತವೆ.

ಸೈಲೆನ್ಸರ್ ಒಳಗಿನ ಮಸಿ ತೆಗೆಸಿ, ಅಷ್ಟೇ. ಒಳಗಿನ ಸದ್ದು ತಗ್ಗಿಸುವ ಜಾಲಿ ಪೈಪು ತೆಗೆದುಹಾಕಿ ಊರೆಲ್ಲಾ ಕೇಳುವಂತೆ ಓಡಿಸುವವರಿದ್ದಾರೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಸೈಲೆನ್ಸರಿನ ಹಿಮ್ಮುಖ ಒತ್ತಡವೂ ಬೇಕು. ಅದನ್ನು ತೆಗೆದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ.

ಓಡಿಸಲು ಹೇಗಿದೆ? ನನಗೆ ಇಷ್ಟು ಹಿಡಿಸಿದ ಗಾಡಿ ಇನ್ನೊಂದಿಲ್ಲ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಬೆಳಿಗ್ಗೆ ಎರಡು ಮೆಲ್ಲನೆಯ ಕಿಕ್, ಕೀ ಹಾಕಿ ಮೂರನೆಯದಕ್ಕೆ ಡುಗುಡುಗು ಅಂತ ಎದ್ದೇಳುತ್ತದೆ. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ಏರ್ಪಾಡಿದೆ. ಅದರ ಅಡ್ಜಸ್ಟ್‌ಮೆಂಟ್ ಸರಿ ಇದ್ದರೆ ಕೈ ಕ್ಲಚ್ ಮುಟ್ಟದೆಯೇ ಗೇರ್ ಹಾಕಬಹುದು. ನಾಲ್ಕನೇ ಗೇರಿನಲ್ಲಿ 50ರಿಂದ 60 ಕಿ.ಮೀ. ವೇಗ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಮೇಲೆ ಹ್ಯಾಂಡಲ್ ಜುಮ್ಮೆನ್ನುತ್ತದೆ. ಲೀಟರಿಗೆ 30ರ ಆಸುಪಾಸು ಕೊಡುತ್ತದೆ. ಎರಡೂ ಕಡೆ ಡ್ರಮ್ ಬ್ರೇಕ್, ಹಾಗಾಗಿ ಮುಂದಿನ ಗಾಡಿಯಿಂದ ಚೆನ್ನಾಗಿ ದೂರ ಬಿಡಿ. ಹೆಡ್‌ಲೈಟ್ ಬೆಳಕು ಇವತ್ತಿನ ಹೈವೇಗೆ ಸಾಲದು. ಕತ್ತಲಾದ ಮೇಲೆ ನಾನು ಊರ ಹೊರಗೆ ಹೋಗುವುದಿಲ್ಲ.

ಇಳಿಜಾರಿನಲ್ಲಿ ಹುಷಾರು. ಈ ಇಂಜಿನ್ನಿಗೆ ಆಯಿಲ್ ಬರುವುದು ಪೆಟ್ರೋಲ್ ಜೊತೆಯೇ. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಂದರೆ, ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಒಳಗೆ ಆಯಿಲ್ ಮಾತ್ರ ಹನಿಯಷ್ಟೂ ಸರಿಯಾಗಿ ಬರುವುದಿಲ್ಲ. ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ತಿರುವಿ.

ಆಯಿಲ್ ಲೆಕ್ಕ: ಹೊಸ ಪಿಸ್ಟನ್ ಪಳಗುವ ತನಕ ಲೀಟರಿಗೆ 40 ಮಿ.ಲೀ. ಹಾಕಿದೆ, ಈಗ 35. ಡಬ್ಬಿಯ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ (ಟೂ ಸ್ಟ್ರೋಕ್ ಆಯಿಲಿನ ಗುಣಮಟ್ಟದ ಗುರುತು) ಅಂತ ಇರಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದಲ್ಲ, ಅದು ಹಳೇ ರಬ್ಬರಿಗೆ ಆಗಿಬರುವುದಿಲ್ಲ, ನೀರನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಪೈಪು, ಕಾಕ್ (ಟ್ಯಾಂಕಿನ ನಲ್ಲಿ) ವಾಷರ್ ಎರಡನ್ನೂ ಹೊಸ ಬಗೆಯ ರಬ್ಬರಿಗೆ ಬದಲಾಯಿಸಿದೆ. ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಇಂಜಿನ್ ತಾನಾಗಿ ಆರುವ ತನಕ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡುತ್ತೇನೆ. ಈ ಒಂದು ಅಭ್ಯಾಸದಿಂದ ಜೆಟ್ (ಕಾರ್ಬೊರೇಟರಿನ ಸಣ್ಣ ತೂತು) ಕಟ್ಟಿಕೊಳ್ಳುವ ತೊಂದರೆಯೇ ನಿಂತಿದೆ.

ಇಷ್ಟು ವರ್ಷಗಳಲ್ಲಿ ಏನೇನು ಹೋಯಿತು? ಡೈನಮೋದ ಕಾರ್ಬನ್ ಬ್ರಷ್ ಸವೆಯಿತು, ಕ್ಲಚ್ ಪ್ಲೇಟ್ ಒಂದು ಸಲ ಹಾಕಿಸಿದೆ, ಕೇಬಲ್‌ಗಳಂತೂ ಇದ್ದದ್ದೇ. ಕ್ರ್ಯಾಂಕ್ ಕೇಸನ್ನು ಮತ್ತೆ ಬಿಚ್ಚಿಸಿಲ್ಲ. ಗೇರ್ ಬಾಕ್ಸ್ ಆಯಿಲ್ ಮಟ್ಟ ಆಗಾಗ ನೋಡುತ್ತೇನೆ. ಹೊರಗೆ ಸೋರದೆ ಮಟ್ಟ ಇಳಿದರೆ ಎಡಗಡೆ ಸೀಲ್ ಅಂತ ಗೊತ್ತು. ಇಲ್ಲಿಯ ತನಕ ಇಳಿದಿಲ್ಲ.

ಕಾಗದ ಪತ್ರದ ವಿಷಯದಲ್ಲಿ ಅವಸರ ಬೇಡ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ, ಹಳೇ ನಂಬರ್ ಕೂಡ ಉಳಿಯುತ್ತದೆ. ಆದರೆ ಅದರಲ್ಲಿ ದಿನನಿತ್ಯ ಓಡಿಸುವ ಹಾಗಿಲ್ಲ. ನನಗೆ ಭಾನುವಾರದ ರ‍್ಯಾಲಿ ಸಾಲದು, ತರಕಾರಿ ತರಲೂ ಇದೇ ಬೇಕು. ಹಾಗಾಗಿ ಚಿಕ್ಕಪ್ಪನ ಹೆಸರಿನಿಂದ ವರ್ಗ ಮಾಡಿಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ, ಮಾಮೂಲಿ ಆರ್‌ಸಿಯನ್ನೇ ನವೀಕರಿಸಿದೆ. ಮೂಲ ಆರ್‌ಸಿ ಇಲ್ಲದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ ಅನ್ನಿ. ಛಾಸಿ ನಂಬರ್ ಕಣ್ಣಾರೆ ಓದಿ ತಾಳೆ ನೋಡಿ.

ಯಾರಿಗೆ ಹೊಂದುತ್ತದೆ? ವಾರದಲ್ಲಿ ಎರಡು ದಿನವಾದರೂ ಓಡಿಸುವವರಿಗೆ, ಕೈಗೆ ಗ್ರೀಸ್ ಅಂಟಿದರೆ ಬೇಜಾರಾಗದವರಿಗೆ. ಮನೆ ಮುಂದೆ ಹೊಳೆಯುತ್ತಾ ನಿಲ್ಲಬೇಕು ಅನ್ನುವವರು ದಯವಿಟ್ಟು ಕೊಳ್ಳಬೇಡಿ. ನಿಂತಷ್ಟೂ ಸೀಲ್ ಒಣಗುತ್ತದೆ. ನನ್ನ ಗಾಡಿಗೆ ಇನ್ನೂ ಕಾರ್ಖಾನೆಯ ಬಣ್ಣವೇ ಇದೆ, ಟ್ಯಾಂಕಿನ ಅಂಚಿನಲ್ಲಿ ಎದ್ದು ಹೋಗಿದೆ. ಮಳೆಗಾಲ ಮುಗಿದ ಮೇಲೆ ಪೇಂಟಿಂಗಿಗೆ ಕೊಡಬೇಕು ಅಂತಿದ್ದೇನೆ. ಅದಕ್ಕೂ ಮುಂಚೆ ಬಿ.ಪಿ. ಮೀಟರ್ ಹಾಕಿ ಇನ್ನೊಂದು ಸಲ ಸೀಲ್ ಪರೀಕ್ಷೆ ಮಾಡಿಸುತ್ತೇನೆ.