ಕುಶಾಲನಗರದ ಹೊಳೆಬದಿ ಬಡಾವಣೆಗಳು: ಆಗಸ್ಟ್‌ನಲ್ಲಿ ನೋಡಿ, ಆಮೇಲೆ ಮುಂಗಡ ಕೊಡಿ

ಜನವರಿಯಲ್ಲಿ ಸೈಟು ನೋಡಲು ಬಂದವರಿಗೆ ಕುಶಾಲನಗರದ ಹೊಳೆಬದಿಯನ್ನು ಬೇಡ ಎನ್ನಲು ಕಾರಣವೇ ಸಿಗುವುದಿಲ್ಲ. ಬಂಡೆಗಳ ನಡುವೆ ಸಣ್ಣಗೆ ಹರಿಯುವ ಕಾವೇರಿ, ದಡದಲ್ಲಿ ಬಿದಿರು ಮೆಳೆ, ಬೆಳಿಗ್ಗೆ ಮಂಜು. ಈಚೆ ಕೊಡಗು, ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಕೊಪ್ಪ, ಅದರಾಚೆ ಬೈಲುಕುಪ್ಪೆಯ ಟಿಬೆಟನ್ ಶಿಬಿರ. ಮಕ್ಕಳ ಶಾಲೆಗೆಂದು ತೋಟದಿಂದ ಇಳಿದು ಬಂದವರು, ನಿವೃತ್ತರಾಗಿ ಬೆಂಗಳೂರು ಬಿಟ್ಟವರು ಇಲ್ಲಿ ಮನೆ ಕಟ್ಟುತ್ತಿದ್ದಾರೆ.

ವಾಸಕ್ಕೆ ಊರು ನಿಜಕ್ಕೂ ಒಳ್ಳೆಯದು. ಆದರೆ ಸೈಟು ಹೊಳೆಗೆ ಎಷ್ಟು ಹತ್ತಿರ ಎಂದು ದಲ್ಲಾಳಿ ಹೇಳುತ್ತಾನೆ. ಹೊಳೆಗಿಂತ ಎಷ್ಟು ಎತ್ತರ ಎಂಬುದನ್ನು ನೀವೇ ಕಂಡುಕೊಳ್ಳಬೇಕು. 2018 ಮತ್ತು 2019, ಎರಡು ವರ್ಷವೂ ಆಗಸ್ಟ್‌ನಲ್ಲಿ ಕುವೆಂಪು ಬಡಾವಣೆ, ಸಾಯಿ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತ್ತು.

ಈ ನೆರೆಯ ಸ್ವಭಾವ ತಿಳಿದಿರಬೇಕು. ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆಯಿಲ್ಲ. ನೀರು ಬರುವುದು ತಲಕಾವೇರಿ, ಭಾಗಮಂಡಲದ ಕಡೆಯ ಬೆಟ್ಟಗಳಿಂದ. ಇಲ್ಲಿ ಬರೀ ತುಂತುರು ಇದ್ದಾಗಲೂ ಹೊಳೆ ಏರುತ್ತಿರಬಹುದು. ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುತ್ತದೆ. ಹಾರಂಗಿ ಜಲಾಶಯ ಚಿಕ್ಕದು, ಸುಮಾರು 8.5 ಟಿಎಂಸಿ, ಸಮುದ್ರಮಟ್ಟದಿಂದ 2,859 ಅಡಿಯ ಪೂರ್ಣ ಮಟ್ಟ ಮುಟ್ಟಿದ ಮೇಲೆ ಒಳಗೆ ಬಂದದ್ದನ್ನೆಲ್ಲ ಹೊರಗೆ ಬಿಡಲೇಬೇಕು. ಎರಡೂ ಹೊಳೆ ಒಟ್ಟಿಗೆ ತುಂಬಿದರೆ ಕಾವೇರಿಯ ನೀರು ಸರಾಗವಾಗಿ ಮುಂದೆ ಸಾಗದು. ಬಡಾವಣೆಯೊಳಗೆ ಮೊದಲು ನೀರು ಬರುವುದು ದಡ ಮೀರಿ ಅಲ್ಲ, ಹೊಳೆಗೆ ತೆರೆದುಕೊಂಡ ಮೋರಿಗಳಲ್ಲಿ ಹಿಮ್ಮುಖವಾಗಿ. ಹಾಗಾಗಿ ದಡದ ಮನೆ ಒಣಗಿದ್ದು, ಹಿಂದಿನ ಬೀದಿಯ ತಗ್ಗಿನ ಮನೆ ಮುಳುಗಬಹುದು. ಭಾಗಮಂಡಲ–ನಾಪೋಕ್ಲು ರಸ್ತೆ ಮುಳುಗಿತು, ಹೊಳೆಯ ಮೇಲ್ಭಾಗದ ದುಬಾರೆಯಲ್ಲಿ ದೋಣಿ ನಿಲ್ಲಿಸಿದರು ಎಂಬ ಸುದ್ದಿ ಬಂದರೆ ಕಾಗದಪತ್ರ, ಗ್ಯಾಸ್ ಸಿಲಿಂಡರು, ಇನ್ವರ್ಟರ್ ಬ್ಯಾಟರಿ ಮೇಲೆ ಸಾಗಿಸಲು ಶುರುಮಾಡಿ.

ಸೈಟು ನೋಡುವಾಗ ಅಕ್ಕಪಕ್ಕದ ಹಳೆಯ ಗೋಡೆಗಳನ್ನು ಗಮನಿಸಿ. ಸುಣ್ಣಬಣ್ಣ ಹೊಡೆದ ಮುಂಭಾಗದಲ್ಲಿ ಏನೂ ಕಾಣದು. ಕಾಂಪೌಂಡಿನ ಹಿಂಬದಿ, ಪಂಪ್‌ಸೆಟ್ ಶೆಡ್ಡಿನ ಒಳಗೋಡೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಹಾಲು ಹಾಕುವವರನ್ನು ಕೇಳಿ, ಯಾವ ತಿರುವಿನವರೆಗೆ ನೀರು ಬಂದಿತ್ತೆಂದು ಅವರಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಇನ್ನೂ ಗದ್ದೆಯಿದ್ದರೆ ನಿಮ್ಮ ಸೈಟೂ ಹಿಂದೆ ಗದ್ದೆಯೇ ಆಗಿದ್ದಿರಬಹುದು. ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟು ಎರಡು ಮೂರು ಮಳೆಗಾಲ ಇಳಿಯುತ್ತದೆ, ಕಾಂಪೌಂಡ್ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ. ಪಾಯದ ಗುಂಡಿ ತುಂಬಿದ ಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು. ಆ ಖರ್ಚನ್ನು ಸೈಟಿನ ಬೆಲೆಗೆ ಸೇರಿಸಿಯೇ ಚೌಕಾಶಿ ಮಾಡಿ.

ಕಟ್ಟುವುದಾದರೆ ಮನೆಯ ನೆಲ 2019ರ ಗುರುತಿಗಿಂತ ಕನಿಷ್ಠ ಒಂದೂವರೆ ಅಡಿ ಮೇಲಿರಲಿ. ಹೆಚ್ಚಿನವರು ಮರೆಯುವುದು ಸಂಪನ್ನು. ಅದರ ಬಾಯಿ ಅಂಗಳದ ಮಟ್ಟಕ್ಕಿದ್ದರೆ ಮನೆಯೊಳಗೆ ಹನಿ ನೀರು ಬಾರದಿದ್ದರೂ ಕುಡಿಯುವ ನೀರು ಕೆಡುತ್ತದೆ. ಹಾಗಾದಾಗ ಪೂರ್ತಿ ಖಾಲಿ ಮಾಡಿ, ಕೆಸರು ತೆಗೆದು, ಗೋಡೆ ಉಜ್ಜಿ, ಮತ್ತೆ ತುಂಬಿಸಿ ಸಾವಿರ ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿ 24 ಗಂಟೆ ಬಿಡಬೇಕು. ಆ ನೀರನ್ನೂ ಚೆಲ್ಲಬೇಕು. ಇನ್ನು ಶೌಚಾಲಯದ ಗುಂಡಿ. ಮಳೆಗಾಲದಲ್ಲಿ ಅಂತರ್ಜಲ ಮೇಲಿರುವುದರಿಂದ ಇಂಗುಗುಂಡಿ ನೀರು ಹೀರುವುದಿಲ್ಲ, ಕಮೋಡಿನಲ್ಲಿ ಗುಳುಗುಳು ಶುರುವಾಗುತ್ತದೆ. ಹೊರಹೋಗುವ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿಸಿ, ಮೇ ತಿಂಗಳಲ್ಲೇ ಗುಂಡಿ ಖಾಲಿ ಮಾಡಿಸಿ.

ಕಾಗದಪತ್ರದಲ್ಲಿ ಭೂ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಋಣಭಾರ ಪತ್ರ, ಇ-ಖಾತೆ ನಾಲ್ಕೂ ಇರಲಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. ದಿಶಾಂಕ್ ಆ್ಯಪ್ ಹಿಡಿದು ಸೈಟಿನಲ್ಲಿ ನಿಂತರೆ ಸರ್ವೆ ನಂಬರು ತಾಳೆಯಾಗುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ದಿನನಿತ್ಯದ ಅನುಕೂಲಕ್ಕೆ ಕೊರತೆಯಿಲ್ಲ. ಅಂಗಡಿ, ಬ್ಯಾಂಕು, ಬಸ್ ನಿಲ್ದಾಣ ಹತ್ತಿರ. ಕೂಡಿಗೆಯಲ್ಲಿ ಸೈನಿಕ ಶಾಲೆಯಿದೆ. ದೊಡ್ಡ ಚಿಕಿತ್ಸೆಗೆ ಮಾತ್ರ ಮಡಿಕೇರಿ ಅಥವಾ ಮೈಸೂರಿಗೇ ಹೋಗಬೇಕು. ಊರಿಗೆ ರೈಲಿಲ್ಲ. ಮೈಸೂರು–ಕುಶಾಲನಗರ ನಡುವಿನ 92 ಕಿ.ಮೀ. ಚತುಷ್ಪಥಕ್ಕೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಶನಿವಾರ, ಭಾನುವಾರ ನಿಸರ್ಗಧಾಮ ಮತ್ತು ಸ್ವರ್ಣ ದೇಗುಲಕ್ಕೆ ಬರುವ ವಾಹನಗಳಿಂದ ಹೆದ್ದಾರಿ ಕಟ್ಟಿಕೊಳ್ಳುತ್ತದೆ, ಪೇಟೆ ಕೆಲಸ ವಾರದ ದಿನಗಳಲ್ಲೇ ಮುಗಿಸಿಕೊಳ್ಳುವುದು ಮೇಲು. ಆನೆಕಾಡು ಕಡೆಯ ಅಂಚಿನ ಮನೆಗಳವರು ಹಲಸು, ಬಾಳೆ ಹಣ್ಣಾಗಲು ಮರದಲ್ಲಿ ಬಿಡಬಾರದು, ವಾಸನೆಗೆ ಆನೆ ಬರುತ್ತದೆ.

ಕೊಳ್ಳುವ ಆತುರವಿಲ್ಲದಿದ್ದರೆ ಮೇ ಕೊನೆಯಲ್ಲಿ ಅದೇ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಸೆಪ್ಟೆಂಬರ್ ತನಕ ಇದ್ದು ನೋಡಿ. ನೆಲಮಹಡಿ ಬೇಡ, ಮೊದಲ ಮಹಡಿ ಕೇಳಿ.