ಮೂರಡಿ ಪಟ್‌ಗೆ ಕೈ ಎಗರುತ್ತಿದ್ದವನ ರಿವ್ಯೂ

ಚಿಕ್ಕಬಳ್ಳಾಪುರದ ಹತ್ತಿರ ಗಾಲ್ಫ್ ಕಲಿಸುವ ಒಬ್ಬರ ಬಳಿ ನಾಲ್ಕು ಭಾನುವಾರ ಹೋಗಿದ್ದೆ. ಒಬ್ಬನೇ ಇದ್ದರೆ ಮೂರಡಿ ಪಟ್, ಅಂದರೆ ಮೂರಡಿ ದೂರದ ಗುಳಿಗೆ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತ, ನನಗೆ ಸಲೀಸು. ಆಫೀಸಿನವರು ಸುತ್ತ ನಿಂತು ನೋಡಿದರೆ ಸಾಕು, ಪಟರ್ (ಪಟ್ ಹೊಡೆಯುವ ಕೋಲು) ಇನ್ನೇನು ಚೆಂಡಿಗೆ ತಾಗಬೇಕು ಅನ್ನುವಷ್ಟರಲ್ಲಿ ಬಲಗೈ ಮಣಿಕಟ್ಟು ಪಟಕ್ಕನೆ ಎಗರಿ ಚೆಂಡು ಎಲ್ಲೋ ಹೋಗುತ್ತದೆ. ಇದಕ್ಕೆ ಯಿಪ್ಸ್ ಅಂತಾರೆ. ಕೆಲವರಿಗೆ ನರದ ತೊಂದರೆ, ಕೆಲವರಿಗೆ ಮರ್ಯಾದೆ ಹೋಗುವ ಭಯ, ಕೆಲವರಿಗೆ ಎರಡೂ. 1985, 1993ರಲ್ಲಿ ಮಾಸ್ಟರ್ಸ್ ಅನ್ನೋ ದೊಡ್ಡ ಗಾಲ್ಫ್ ಟೂರ್ನಿ ಗೆದ್ದ ಬರ್ನ್‌ಹಾರ್ಡ್ ಲ್ಯಾಂಗರ್‌ನನ್ನೇ ಇದು ಬಿಟ್ಟಿಲ್ಲ, ನಾನ್ಯಾವ ಲೆಕ್ಕ ಅಲ್ವಾ!

ಇವರು ಸುಮ್ನೆ "ಧೈರ್ಯ ತಗೊಳ್ಳಿ" ಅನ್ನಲಿಲ್ಲ. ಎಡಗೈ ಕೆಳಗೆ ಬರುವಂತೆ ಹಿಡಿತ ಬದಲಿಸಿದರು, ಚೆಂಡಿನ ಬದಲು ಗುಳಿ ನೋಡುತ್ತಾ ಹೊಡೆಸಿದರು, ಕೊನೆಗೆ ಬೇಕಂತಲೇ ಕ್ಯಾಡಿಗಳನ್ನು (ಆಟಗಾರರ ಬ್ಯಾಗ್ ಹೊರುವವರನ್ನು) ಸುತ್ತ ನಿಲ್ಲಿಸಿದರು. ಎಗರುವುದು ಅರ್ಧ ಇಳಿದಿದೆ. ಫೀಸ್ ಮಾತ್ರ ಜಾಸ್ತಿ.