ಮ್ಯೂಟೆಂಟ್ ಹುಡುಕಲು ಯಾವುದು: ಗ್ರೇಡಿಯೆಂಟ್ ಪ್ಲೇಟಾ, ರೆಪ್ಲಿಕಾ ಪ್ಲೇಟಿಂಗಾ?

ಆಂಟಿಬಯಾಟಿಕ್‌ಗೆ ಬಗ್ಗದ ಮ್ಯೂಟೆಂಟ್, ಅಂದರೆ ಜೀನ್ ಬದಲಾದ ಬ್ಯಾಕ್ಟೀರಿಯಾ, ಬೇಕಿದ್ದರೆ ಗ್ರೇಡಿಯೆಂಟ್ ಪ್ಲೇಟ್ ಸಾಕು. ಪೆಟ್ರಿ ಡಿಶ್ ಓರೆಯಾಗಿಟ್ಟು ಸಾದಾ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಆಹಾರ) ಸುರಿಯಿರಿ. ಗಟ್ಟಿಯಾದ ಮೇಲೆ ಸಮತಟ್ಟಾಗಿಟ್ಟು ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ ಅಗರ್ ಹಾಕಿ. ಔಷಧಿ ಒಂದು ಬದಿ ಕಡಿಮೆ, ಇನ್ನೊಂದು ಬದಿ ಜಾಸ್ತಿ. ಮೇಲೆ ಬ್ಯಾಕ್ಟೀರಿಯಾ ಹರಡಿ ಬೆಳೆಯಲು ಬಿಡಿ, ಜಾಸ್ತಿ ಇರುವ ಕಡೆ ಅಲ್ಲೊಂದು ಇಲ್ಲೊಂದು ಬೆಳೆದ ಕಾಲೊನಿ (ಬ್ಯಾಕ್ಟೀರಿಯಾದ ಗುಂಪು) ಎತ್ತಿಕೊಳ್ಳಿ. ಸರಿಯಾದ ಪ್ರಮಾಣ ಮೊದಲೇ ಗೊತ್ತಿರಬೇಕಿಲ್ಲ, ಅದು ದೊಡ್ಡ ಅನುಕೂಲ.

ಹಿಸ್ಟಿಡಿನ್‌ನಂಥ ಪೋಷಕಾಂಶ ಕೊಡದೆ ಬೆಳೆಯದ ಮ್ಯೂಟೆಂಟ್ ಬೇಕೆಂದರೆ ಇದು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹುಡುಕುವುದೇ ಬೆಳೆಯದ್ದನ್ನು, ಅಲ್ವಾ? ಅದಕ್ಕೆ 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ತೋರಿಸಿಕೊಟ್ಟ ರೆಪ್ಲಿಕಾ ಪ್ಲೇಟಿಂಗ್ ಹಿಡಿಯಿರಿ. ಸ್ಟೆರೈಲ್ ಮಾಡಿದ ಮಖಮಲ್ ಬಟ್ಟೆಯನ್ನು ಹಿಸ್ಟಿಡಿನ್ ಕೊಟ್ಟು ಕಾಲೊನಿ ಬೆಳೆಸಿದ ಮೂಲ ಪ್ಲೇಟಿಗೆ ಮೆಲ್ಲಗೆ ಒತ್ತಿ, ಹಿಸ್ಟಿಡಿನ್ ಇರುವ ಮತ್ತು ಇಲ್ಲದ ಎರಡು ಪ್ಲೇಟಿಗೆ ಅಚ್ಚೊತ್ತಿ. ಅಂಚಿನ ಗುರುತು ಮರೆಯಬೇಡಿ, ದಿಕ್ಕು ತಪ್ಪಿದರೆ ಎಲ್ಲ ವ್ಯರ್ಥ. ಹಿಸ್ಟಿಡಿನ್ ಇಲ್ಲದ ಪ್ಲೇಟಿನಲ್ಲಿ ಮಾತ್ರ ಕಾಣೆಯಾದ ಕಾಲೊನಿ ಮೂಲ ಪ್ಲೇಟಿನಲ್ಲಿ ಜೀವಂತ ಸಿಗುತ್ತದೆ.

ಔಷಧಿ ತಾಗದೆಯೇ ಅದಕ್ಕೆ ಬಗ್ಗದ ತಳಿ ಬೇಕಿದ್ದರೂ ನನ್ನ ಆಯ್ಕೆ ರೆಪ್ಲಿಕಾ ಪ್ಲೇಟಿಂಗೇ: ಔಷಧಿ ಇರುವ ಪ್ಲೇಟಿಗೆ ಅಚ್ಚೊತ್ತಿ, ಅಲ್ಲಿ ಬೆಳೆದದ್ದನ್ನು ಔಷಧಿ ಇಲ್ಲದ ಮೂಲ ಪ್ಲೇಟಿನಿಂದ ಎತ್ತಿಕೊಳ್ಳಿ. ಪೋಷಕಾಂಶದ ಮ್ಯೂಟೆಂಟ್ ತೀರಾ ಅಪರೂಪವಾದರೆ ಸುಮ್ನೆ ಪ್ಲೇಟ್ ಖರ್ಚು ಮಾಡಬೇಡಿ. ಮೊದಲು ಹಿಸ್ಟಿಡಿನ್ ಇಲ್ಲದ ದ್ರವದಲ್ಲಿ ಬ್ಯಾಕ್ಟೀರಿಯಾ ಬಿಟ್ಟು, ಬೆಳೆಯುವ ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುವ ಪೆನಿಸಿಲಿನ್ ಹಾಕಿ. ಬೆಳೆಯುವವು ಸಾಯುತ್ತವೆ, ಬೆಳೆಯದವು ಉಳಿಯುತ್ತವೆ.